ಓಕ್ ಮರದ ಮೇಲಿನ ಈ ಗಂಟುಗಳು ಯಾವ ಕಣಜದ್ದು? ಗುರುತು ಹಿಡಿಯಲು ನೆರವಾಗಿ

ಚಿಗುರೆಲೆ:

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಕೊನೆಯ ವಾರದಲ್ಲಿ ಒಂದೇ ಓಕ್ ಮರದ ಕೆಳಗೆ ಅರ್ಧ ದಿನ ಕೂತಿದ್ದೆ. ನೋಡಿದಷ್ಟೂ ಹೊಸ ಹೊಸ ಗಂಟುಗಳು ಕಣ್ಣಿಗೆ ಬಿದ್ದವು. ಮೂರು ಬಗೆಯವು ಬೇರೆ ಬೇರೆ ಅಂತ ಖಾತ್ರಿಯಾಯಿತು.

ಒಂದು, ಎಳೆ ರೆಂಬೆಗಳಿಗೆ ಅಂಟಿಕೊಂಡ ಗೋಲಿಯಂಥ ಗುಂಡು. ಕೆಲವು ಹಸಿರು, ಕೆಲವು ಕಂದು. ಕಂದು ಬಣ್ಣದ್ದನ್ನು ಉಗುರಿನಿಂದ ತಟ್ಟಿದರೆ ಒಣಕಟ್ಟಿಗೆಯ ಹಾಗೆ ಟಕ್ ಅನ್ನುತ್ತದೆ. ಎರಡು, ಎಲೆಯ ಹಿಂಬದಿಗೆ ಹತ್ತಿಕೊಂಡ ಪುಟ್ಟ ಬಿಲ್ಲೆಗಳು. ಒಂದೇ ಎಲೆಯಲ್ಲಿ 64 ಎಣಿಸಿದೆ. ಮೂರು, ಓಕ್ ಕಾಯಿಯ ಪಕ್ಕದಿಂದ ಉಕ್ಕಿ ಬಂದು ಕಾಯಿಯನ್ನೇ ಮುಚ್ಚಿಬಿಟ್ಟ, ಏಣುಏಣಾದ ಹಸಿರು ಮುದ್ದೆ. ಮುಟ್ಟಿದರೆ ಕೈಗೆ ಅಂಟು.

ಎರಡು ಕಂದು ಗೋಲಿಗಳನ್ನು ತಂದು ಗಾಜಿನ ಶೀಶೆಯಲ್ಲಿ ಇಟ್ಟಿದ್ದೆ. ನಾಲ್ಕನೇ ದಿನ ಒಳಗೆ ಒಂದು ಹುಳು ಓಡಾಡುತ್ತಿತ್ತು. ಉದ್ದ 3 ಮಿ.ಮೀ. ಇರಬಹುದು, ಲೋಹದ ಹಾಗೆ ಮಿರಮಿರ ಮಿನುಗುವ ಹಸಿರು, ಹಿಂದೆ ಸೂಜಿಯಂಥ ಉದ್ದ ಬಾಲ. ಗಂಟು ಕಟ್ಟಿದ ಕಣಜ ಇದೇ ತಾನೆ? ಇದರ ಹೆಸರು ಗೊತ್ತಾದರೆ ಗಂಟಿನ ಹೆಸರೂ ಸಿಗುತ್ತದೆ ಅಂದುಕೊಂಡಿದ್ದೇನೆ. ಮರಕ್ಕೆ ರೋಗವೇನಾದರೂ ಬಂದಿದೆಯೇ ಎಂಬ ಚಿಂತೆಯೂ ಇದೆ.

ತೊಗಟೆಗಣ್ಣು:

ಚಿಗುರೆಲೆಯವರೇ, ಮರದ ಬಗ್ಗೆ ಚಿಂತೆ ಬೇಡ. ಬೆಳೆದ ಓಕ್ ಮರಕ್ಕೆ ಇವುಗಳಿಂದ ಆಗುವ ನಷ್ಟ ಲೆಕ್ಕಕ್ಕೆ ಬರುವಂಥದ್ದಲ್ಲ.

ಆದರೆ ಶೀಶೆಯಲ್ಲಿರುವ ಹಸಿರು ಹುಳು ಗಂಟಿನ ಒಡೆಯ ಅಲ್ಲ. ಒಡೆಯನನ್ನು ತಿಂದು ಬಂದದ್ದು. ಲೋಹದ ಹೊಳಪು, ಉದ್ದ ಬಾಲ ಎರಡೂ ಸೇರಿದರೆ ಅದು ಟೋರಿಮಸ್ ಕುಲದ ಪರಾವಲಂಬಿ ಕಣಜ ಆಗಿರುವ ಸಾಧ್ಯತೆಯೇ ಹೆಚ್ಚು. ಆ ಬಾಲ ಮೊಟ್ಟೆ ಇಡುವ ನಳಿಗೆ. ಹೆಣ್ಣು ಅದನ್ನು ಗಂಟಿನ ಗೋಡೆಯೊಳಗೆ ತೂರಿಸಿ, ನಡುವೆ ಮಲಗಿರುವ ಮರಿಹುಳುವಿನ ಮಗ್ಗುಲಲ್ಲೇ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ಮನೆಯೊಡೆಯನನ್ನೇ ತಿಂದು ಬೆಳೆಯುತ್ತದೆ.

ಓಕ್ ಗಂಟು ಕಟ್ಟುವ ಕಣಜಗಳು ಸಿನಿಪಿಡೇ ಕುಟುಂಬದವು. ಅವುಗಳಿಗೆ ಈ ಥಳುಕು ಇರುವುದಿಲ್ಲ. ಕಪ್ಪು ಇಲ್ಲವೇ ಕಂದು ಬಣ್ಣ, ಗೂನುಬೆನ್ನು, ಎರಡೂ ಪಕ್ಕದಿಂದ ಒತ್ತಿದಂತಿರುವ ಹೊಟ್ಟೆ, ರೆಕ್ಕೆಯಲ್ಲಿ ನಾಲ್ಕಾರು ನರಗಳಷ್ಟೇ. ಮನುಷ್ಯರನ್ನು ಕಚ್ಚುವುದಿಲ್ಲ.

ಹೀಗಾಗಿ ಹುಳುವಿನಿಂದ ಗಂಟಿನ ಕಡೆಗೆ ಹೋಗಬೇಡಿ, ಗಂಟಿನಿಂದ ಹುಳುವಿನ ಕಡೆಗೆ ಬನ್ನಿ. ಗಂಟಿನ ಆಕಾರವೇ ಕಣಜದ ರುಜು. ಕಟ್ಟುವುದು ಮರದ ಜೀವಕೋಶಗಳೇ ಆದರೂ ಹೇಗೆ ಕಟ್ಟಬೇಕು ಎಂಬ ಅಪ್ಪಣೆ ಮರಿಹುಳುವಿನದು. ಜಗತ್ತಿನಲ್ಲಿ ಹೀಗೆ ಓಕ್ ಮರಗಳಲ್ಲಿ ಗಂಟು ಕಟ್ಟಿಸುವ ಕಣಜಗಳು ಸುಮಾರು 1,000 ಜಾತಿ ಇವೆ. ಒಂದು ಕಟ್ಟಿದ ಹಾಗೆ ಇನ್ನೊಂದು ಕಟ್ಟುವುದಿಲ್ಲ.

ಈಗ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಿ. ಮರ ಯಾವ ಜಾತಿಯ ಓಕ್? ಹತ್ತಿರದಲ್ಲಿ ಬೇರೆ ಜಾತಿಯ ಓಕ್ ಇದೆಯೇ? ಆ ಗೋಲಿಯ ಮೇಲೆ ಎಷ್ಟು ತೂತುಗಳಿವೆ, ಎಷ್ಟು ದೊಡ್ಡವು?

ಚಿಗುರೆಲೆ:

ಸರ್, ಮೊದಲು ಮರ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಇವತ್ತು ಮತ್ತೆ ಹೋಗಿ ನೋಡಿದೆ. ಯುರೋಪಿನ ಓಕ್. ಎಲೆಯ ತೊಟ್ಟು ಬಹಳ ಗಿಡ್ಡ, ಎಲೆಯ ಬುಡದಲ್ಲಿ ಕಿವಿಯ ಹಾಗೆ ಎರಡು ಮಡಿಕೆ. ಕಾಯಿಗೆ ಮಾತ್ರ ಬೆರಳುದ್ದದ ತೊಟ್ಟು.

ಸ್ವಲ್ಪ ದೂರದಲ್ಲಿ ಇನ್ನೊಂದು ಓಕ್ ಇದೆ. ಅದರ ಕಾಯಿಯ ಬಟ್ಟಲಿನ ಮೇಲೆ ಪಾಚಿ ಬೆಳೆದಂತೆ ಗುಂಗುರು ಕೂದಲು. ಕುಡಿಮೊಗ್ಗಿನ ಸುತ್ತಲೂ ಮೀಸೆಯಂಥ ಎಳೆಗಳು.

ಗೋಲಿಗಳ ವಿಷಯ: ಒಂದರಲ್ಲಿ ಒಂದೇ ತೂತು, ಪೆನ್ಸಿಲ್ ಮೊನೆಯನ್ನು ಸಲೀಸಾಗಿ ತೂರಿಸಬಹುದು. ಇನ್ನೊಂದರಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು, ಏಳೆಂಟು.

ತೊಗಟೆಗಣ್ಣು:

ಇಷ್ಟು ಸಾಕು, ಬಹಳ ಚೆನ್ನಾಗಿ ನೋಡಿದ್ದೀರಿ. ನಿಮ್ಮ ಮರ ಕ್ವೆರ್ಕಸ್ ರೋಬರ್. ಮೀಸೆಮೊಗ್ಗಿನ ಮರ ಟರ್ಕಿ ಓಕ್, ಅಂದರೆ ಕ್ವೆರ್ಕಸ್ ಸೆರಿಸ್. ಈ ಎರಡು ಮರಗಳು ಅಕ್ಕಪಕ್ಕ ಇವೆ ಎಂಬುದರಲ್ಲೇ ನಿಮ್ಮ ಮೂರು ಗಂಟುಗಳಲ್ಲಿ ಎರಡರ ಕಥೆ ಅಡಗಿದೆ.

ಗೋಲಿ ಗಂಟು ಆಂಡ್ರಿಕಸ್ ಕೊಲ್ಲಾರಿಯದು. ಇಂಗ್ಲಿಷಿನವರು ಮಾರ್ಬಲ್ ಗಾಲ್ ಅನ್ನುತ್ತಾರೆ, ಗಾಲ್ ಅಂದರೆ ಗಂಟು. ಕುಡಿಮೊಗ್ಗು ಇರಬೇಕಾದ ಜಾಗದಲ್ಲಿ ಬೆಳೆಯುತ್ತದೆ, 25 ಮಿ.ಮೀ. ತನಕ ದಪ್ಪವಾಗುತ್ತದೆ, ಮೈ ನುಣುಪು, ಅಲ್ಲಲ್ಲಿ ಒಂದೆರಡು ಮೊಳೆ. ಇದರ ತಮ್ಮನಂತೆ ಕಾಣುವ ಆಂಡ್ರಿಕಸ್ ಲಿಗ್ನಿಕೋಲಸ್ ಇದೆ. ಅದು ಇದರ ಅರ್ಧದಷ್ಟೂ ಇರುವುದಿಲ್ಲ, ಮೈ ಬಿರಿದು ಹಕ್ಕಳೆ ಎದ್ದಿರುತ್ತದೆ.

ತೂತಿನ ಲೆಕ್ಕ ಕೇಳಿದ್ದಕ್ಕೆ ಕಾರಣ ಇದೆ. ಕೊಲ್ಲಾರಿ ಗಂಟಿನ ನಡುವೆ ಒಂದೇ ಕೋಣೆ, ಒಂದೇ ಮರಿ. ಒಡೆಯಳು ಕ್ಷೇಮವಾಗಿ ಹೊರಬಂದಿದ್ದರೆ ಒಂದೇ ದುಂಡನೆಯ ದೊಡ್ಡ ತೂತು ಇರುತ್ತದೆ. ಸಣ್ಣ ತೂತುಗಳು ಹಲವಾರಿದ್ದರೆ ಒಳಗೆ ಬೇರೆಯವರು ಸಂಸಾರ ಹೂಡಿದ್ದರು ಎಂದರ್ಥ. ಅವರಲ್ಲಿ ಟೋರಿಮಸ್‌ನಂಥ ಪರಾವಲಂಬಿಗಳು ಒಂದು ಬಗೆ. ಸಿನೆರ್ಗಸ್ ಎಂಬ ಇನ್ನೊಂದು ಬಗೆ ಇದೆ. ಅದೂ ಸಿನಿಪಿಡೇ ಕುಟುಂಬದ್ದೇ, ಆದರೆ ಸ್ವಂತ ಗಂಟು ಕಟ್ಟಿಸಲಾರದು. ಇನ್ನೊಬ್ಬರ ಗಂಟಿನ ಗೋಡೆಯಲ್ಲಿ ತನ್ನ ಮರಿಗಳಿಗೆ ಕಿರುಕೋಣೆ ಮಾಡಿಕೊಳ್ಳುತ್ತದೆ. ಅಂಚು ಹರಿದುಹೋದ ದೊಡ್ಡ ಹೊಂಡ ಕಂಡರೆ ಅದು ಹಕ್ಕಿ ಕುಕ್ಕಿದ್ದು. ಮರಕುಟಿಗಗಳು ಮರಿಹುಳುವಿಗಾಗಿ ಗಂಟನ್ನು ಒಡೆಯುತ್ತವೆ.

ಕಾಯಿಯ ಮೇಲಿನ ಅಂಟು ಮುದ್ದೆ ನಾಪರ್ ಗಾಲ್. ಕಣಜ ಆಂಡ್ರಿಕಸ್ ಕ್ವೆರ್ಕಸ್‌ಕ್ಯಾಲಿಸಿಸ್. ಇನ್ನು ಕೆಲವು ವಾರಗಳಲ್ಲಿ ಕಂದಾಗಿ, ಗಟ್ಟಿಯಾಗಿ, ಕಾಯಿಯ ಸಮೇತ ನೆಲಕ್ಕೆ ಬೀಳುತ್ತದೆ.

ಈ ಎರಡು ಕಣಜಗಳಿಗೂ ಎರಡೆರಡು ಮರ ಬೇಕು. ರೋಬರ್ ಮರದ ಗಂಟಿನಿಂದ ಬರುವುದು ಬರೀ ಹೆಣ್ಣುಗಳು. ಗಂಡಿನ ನೆರವಿಲ್ಲದೆ ಅವು ಟರ್ಕಿ ಓಕ್‌ನಲ್ಲಿ ಮೊಟ್ಟೆ ಇಡುತ್ತವೆ: ಕೊಲ್ಲಾರಿಯದು ಮೊಗ್ಗಿನಲ್ಲಿ, ನಾಪರ್ ಕಣಜದ್ದು ಗಂಡು ಹೂಗೊಂಚಲಿನಲ್ಲಿ. ಅಲ್ಲಿ ಎರಡು ಮಿ.ಮೀ. ಆಸುಪಾಸಿನ ಪುಟಾಣಿ ಗಂಟುಗಳಾಗುತ್ತವೆ. ಅವುಗಳಿಂದ ಗಂಡು, ಹೆಣ್ಣು ಎರಡೂ ಹೊರಬಂದು ಕೂಡುತ್ತವೆ. ಆ ಹೆಣ್ಣು ಮರಳಿ ರೋಬರ್ ಮರಕ್ಕೆ ಬಂದು ಮೊಟ್ಟೆ ಇಡುತ್ತದೆ. ತಾಯಿಯ ಗಂಟಿಗೂ ಮಗಳ ಗಂಟಿಗೂ ಒಂದಿಷ್ಟೂ ಹೋಲಿಕೆ ಇಲ್ಲ. ಅಜ್ಜಿಯ ಗಂಟೇ ಮೊಮ್ಮಗಳದು.

ಮೊಗ್ಗು:

ತೊಗಟೆಗಣ್ಣು ಸರ್, ಕೊನೆಯ ಸಾಲು ಓದಿ ಮೈ ಜುಮ್ ಅಂದಿತು. ಹಾಗಾದರೆ ಒಂದೇ ಜಾತಿಯನ್ನು ಎರಡು ಜಾತಿ ಅಂತ ಹಿಂದಿನವರು ಬರೆದಿಟ್ಟಿರಬೇಕಲ್ಲ?

ತೊಗಟೆಗಣ್ಣು:

ಹೌದು, ಎಷ್ಟೋ ಜಾತಿಗಳಲ್ಲಿ ಹಾಗೆಯೇ ಆಗಿತ್ತು. ಎರಡು ಪೀಳಿಗೆಗಳು ಎರಡು ಬೇರೆ ಹೆಸರಿನಲ್ಲಿ ದಾಖಲಾಗಿದ್ದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯ ವೈದ್ಯ ಹೆರ್ಮನ್ ಆಡ್ಲರ್ ಕಣಜಗಳನ್ನು ಸಾಕಿ, ಮೊಟ್ಟೆ ಇಡಿಸಿ, ಯಾವ ಗಂಟು ಬರುತ್ತದೆ ಎಂದು ಕಾದು ನೋಡಿ ಜೋಡಿಗಳನ್ನು ಒಂದೊಂದಾಗಿ ಕೂಡಿಸಿದರು.

ಅದಕ್ಕೂ ಹಿಂದೆ ಗಂಟಿನೊಳಗೆ ಹುಳು ಹೇಗೆ ಬಂತು ಎಂಬುದೇ ಒಗಟಾಗಿತ್ತು. ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟುವುದಿಲ್ಲ ಎಂದು 1668ರಲ್ಲಿ ತೋರಿಸಿಕೊಟ್ಟ ಫ್ರಾನ್ಸೆಸ್ಕೊ ರೆಡಿ ಕೂಡ ಗಂಟಿನ ಹುಳುವನ್ನು ಮರವೇ ಹುಟ್ಟಿಸುತ್ತದೆ ಎಂದು ನಂಬಿದ್ದರು. 1679ರಲ್ಲಿ ಮಾರ್ಚೆಲ್ಲೊ ಮಾಲ್ಪೀಗಿ ಕಣಜ ಮೊಟ್ಟೆ ಇಡುವುದರಿಂದಲೇ ಗಂಟು ಏಳುತ್ತದೆ ಎಂದು ವಿವರವಾಗಿ ಬರೆದರು.

ಮಸಿಕುಡಿಕೆ:

ನಾನು ಹುಳುಗಳ ಕಡೆಯವನಲ್ಲ, ಹಳೆಯ ಶಾಯಿಗಳ ಕಡೆಯವನು. ಗೋಲಿ ಗಂಟಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ.

ಕನ್ನಡದಲ್ಲಿ ನಾವು ಮಾಚಿಕಾಯಿ ಅನ್ನುತ್ತೇವಲ್ಲ, ಅದು ಕಾಯಿಯೇ ಅಲ್ಲ, ಓಕ್ ಮರದ ಕಣಜದ ಗಂಟು. ಕ್ವೆರ್ಕಸ್ ಇನ್ಫೆಕ್ಟೋರಿಯಾ ಎಂಬ ಪಶ್ಚಿಮ ಏಷ್ಯಾದ ಓಕ್‌ನಲ್ಲಿ ಆಗುತ್ತದೆ. ಯುರೋಪಿನ ವ್ಯಾಪಾರದಲ್ಲಿ ಇದಕ್ಕೆ ಅಲೆಪ್ಪೊ ಗಾಲ್ ಎಂಬ ಹೆಸರು. ಒಣ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಟ್ಯಾನಿನ್ ಎಂಬ ಒಗರು ಪದಾರ್ಥ ಇರಬಹುದು. ಗಂಟಿನ ಪುಡಿಯನ್ನು ನೀರಲ್ಲಿ ನೆನೆಸಿ, ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ, ಗೋಂದು ಕೂಡಿಸಿದರೆ ಶಾಯಿ. ಬರೆದಾಗ ಮಾಸಲು ಬಣ್ಣ. ಗಾಳಿ ತಾಗಿ ಕಬ್ಬಿಣ ಉತ್ಕರ್ಷಣೆಗೊಂಡ ಮೇಲೆ ಅಕ್ಷರ ಕಪ್ಪಗೆ ಮೂಡುತ್ತದೆ. ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳಲ್ಲಿ ಲೆಕ್ಕವಿಲ್ಲದಷ್ಟು ಇದೇ ಶಾಯಿಯವು.

ಗುರುತಿಸುವವರಿಗೆ ಉಪಯೋಗವಾಗುವ ಮಾತು ಏನೆಂದರೆ, ಶಾಯಿ ಮಾಡುವವರೂ ಮೊದಲು ತೂತನ್ನೇ ನೋಡುತ್ತಿದ್ದರು. ತೂತಿಲ್ಲದ, ಭಾರವಾದ, ಹಸಿರು ಕಪ್ಪು ಬಣ್ಣದ ಗಂಟಿಗೆ ಬೆಲೆ ಹೆಚ್ಚು. ಕಣಜ ಹಾರಿಹೋದ ಮೇಲೆ ಗಂಟು ಹಗುರ, ಬಣ್ಣ ಬಿಳಿಚು, ಒಗರೂ ಕಡಿಮೆ.

ಚಿಗುರೆಲೆಯವರ ಕೊಲ್ಲಾರಿ ಗಂಟು 1830ರ ಸುಮಾರಿಗೆ ಇಂಗ್ಲೆಂಡಿನ ಡೆವನ್ ಪ್ರಾಂತಕ್ಕೆ ಬಂದದ್ದೂ ಈ ಬಣ್ಣ, ಶಾಯಿಯ ಆಸೆಯಿಂದಲೇ. ಅಲೆಪ್ಪೊ ಗಂಟಿಗೆ ಹೋಲಿಸಿದರೆ ಇದರಲ್ಲಿ ಟ್ಯಾನಿನ್ ಬಹಳ ಕಡಿಮೆ. ಆದರೂ ಆ ದ್ವೀಪದಲ್ಲಿ ಕಣಜ ನೆಲೆನಿಂತಿತು, ಏಕೆಂದರೆ ಟರ್ಕಿ ಓಕ್ 1735ರಲ್ಲೇ ಅಲ್ಲಿಗೆ ತಲುಪಿತ್ತು.

ತೊಗಟೆಗಣ್ಣು:

ಮಸಿಕುಡಿಕೆಯವರೇ, ಆ 1735 ಮತ್ತು 1830 ಬಹಳ ಮುಖ್ಯ. ಎರಡನೇ ಮರ ಮೊದಲು ಬಂದು ಕಾಯುತ್ತಿತ್ತು. ನಾಪರ್ ಕಣಜ 20ನೇ ಶತಮಾನದ ನಡುವಿನಲ್ಲಿ ಅಲ್ಲಿಗೆ ಬಂದು ಬೇರೂರಿದ್ದಕ್ಕೂ ಟರ್ಕಿ ಓಕೇ ಕಾರಣ.

ಭೂತಗನ್ನಡಿ:

ಎಲೆ ಹಿಂಬದಿಯ ಬಿಲ್ಲೆಗಳನ್ನು ಯಾರೂ ಮುಟ್ಟಿಲ್ಲ, ನಾನು ಹೇಳುತ್ತೇನೆ. ಇಡೀ ಗಂಟುಲೋಕದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಚಿಗುರೆಲೆ, ದಯವಿಟ್ಟು 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಹಿಡಿದು, ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಯುರೋಪಿನ ಓಕ್‌ನಲ್ಲಿ ನ್ಯೂರೊಟೆರಸ್ ಕುಲದ ನಾಲ್ಕು ಕಣಜಗಳು ಬಿಲ್ಲೆ ಗಂಟು ಮಾಡುತ್ತವೆ. ಬಿಲ್ಲೆ ನಡುವೆ ಉಬ್ಬಿ, ಸುತ್ತಲೂ ಇಳಿಜಾರಾಗಿ, ಮೇಲೆ ಕೆಂಗಂದು ಬಣ್ಣದ ನಕ್ಷತ್ರದಂಥ ರೋಮಗಳ ಗೊಂಚಲು ಇದ್ದರೆ ಅದು ಸ್ಪ್ಯಾಂಗಲ್, ನ್ಯೂರೊಟೆರಸ್ ಕ್ವೆರ್ಕಸ್‌ಬಕ್ಕಾರಮ್. ಅಗಲ 5 ಮಿ.ಮೀ. ಆಸುಪಾಸು. ನಡುವೆ ಆಳವಾದ ಗುಳಿ, ಅಂಚಿನ ಸುತ್ತ ಹೊಂಬಣ್ಣದ ರೇಷ್ಮೆ ದಾರ ಸುತ್ತಿದಂತೆ ದಪ್ಪ ಬಳೆ ಇದ್ದರೆ ಅದು ಸಿಲ್ಕ್ ಬಟನ್, ನ್ಯೂರೊಟೆರಸ್ ನುಮಿಸ್ಮಾಲಿಸ್. 3 ಮಿ.ಮೀ.ಗಿಂತ ಹೆಚ್ಚಿರುವುದಿಲ್ಲ. ನುಮಿಸ್ಮಾಲಿಸ್ ಅಂದರೆ ನಾಣ್ಯದಂಥದ್ದು. ಒಮ್ಮೆ ಕಂಡವರು ಆ ಹೆಸರು ಮರೆಯುವುದಿಲ್ಲ. ತಟ್ಟೆಯ ಹಾಗೆ ಅಂಚು ಮೇಲೆದ್ದು ಮೈಮೇಲೆ ರೋಮವೇ ಇಲ್ಲವೆನ್ನುವಷ್ಟು ನುಣುಪಾಗಿದ್ದರೆ ನ್ಯೂರೊಟೆರಸ್ ಆಲ್ಬಿಪೆಸ್. ಅಂಚೂ ಎದ್ದಿದೆ, ರೋಮವೂ ಇದೆ ಎಂದರೆ ನ್ಯೂರೊಟೆರಸ್ ಟ್ರೈಕಲರ್, ಉಳಿದ ಮೂರಕ್ಕಿಂತ ಅಪರೂಪ.

ಒಂದೇ ಎಲೆಯ ಮೇಲೆ ಎರಡು ಮೂರು ಬಗೆ ಒಟ್ಟಿಗೆ ಇರುವುದು ಸಾಮಾನ್ಯ. ಹಾಗಾಗಿ 64ನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ.

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಎಲೆ ಉದುರುವ ಮೊದಲೇ ಈ ಬಿಲ್ಲೆಗಳು ಕಳಚಿ ಬೀಳುತ್ತವೆ. ಆಗ ಒಳಗಿನ ಮರಿ ಇನ್ನೂ ಚಿಕ್ಕದು. ಉದುರಿದ ಎಲೆಗಳ ಅಡಿಯ ತೇವದಲ್ಲಿ ಬಿಲ್ಲೆ ಉಬ್ಬುತ್ತದೆ, ಮರಿ ಬೆಳೆಯುತ್ತದೆ, ಚಳಿಗಾಲ ಕಳೆದ ಮೇಲೆ ಹೆಣ್ಣು ಕಣಜ ಹೊರಬರುತ್ತದೆ. ಸ್ಪ್ಯಾಂಗಲ್‌ನ ಹೆಣ್ಣು ಮೊಗ್ಗುಗಳಲ್ಲಿ ಮೊಟ್ಟೆ ಇಟ್ಟರೆ ಮೇ ತಿಂಗಳಲ್ಲಿ ಹೂಗೊಂಚಲಿನ ಮೇಲೆ ರಸ ತುಂಬಿದ ಕೆಂಪು ಮಣಿಗಳು ಕಾಣುತ್ತವೆ. ಅದು ಇದೇ ಜಾತಿಯ ಇನ್ನೊಂದು ಪೀಳಿಗೆ, ಅದರಲ್ಲಿ ಗಂಡೂ ಇರುತ್ತದೆ. ಈ ಜಾತಿಗೆ ಎರಡನೇ ಮರ ಬೇಡ, ಒಂದೇ ಮರದ ಬೇರೆ ಅಂಗ ಸಾಕು.

ಕೆಂಪೆಲೆ:

ನಾನು ಉತ್ತರ ಅಮೆರಿಕದಲ್ಲಿ ನೋಡುತ್ತಿರುವವಳು. ಮೇಲಿನ ಯಾವ ಹೆಸರೂ ನನ್ನ ಮರಗಳಿಗೆ ಹೊಂದುತ್ತಿಲ್ಲ. ಒಂದು ಮರದ ಎಲೆಯ ಅಂಚುಗಳು ಒಳಕ್ಕೆ ಮಡಿಚಿ, ಊದಿ, ಕಂದಾಗಿವೆ. ಅದರ ಕೆಳಗೆ ಕೆಲಸ ಮಾಡಿದ ಮರುದಿನ ಕತ್ತು, ಭುಜಗಳ ಮೇಲೆ ವಿಪರೀತ ತುರಿಕೆ, ಕೆಂಪು ಗುಳ್ಳೆ. ಈ ಕಣಜ ಕಚ್ಚುತ್ತದೆಯೇ? ಇನ್ನೊಂದು ಓಕ್‌ನ ರೆಂಬೆಗಳಲ್ಲಿ ಮೇಲ್ಗಡೆ ಚೂಪಾದ ಗುಂಡುಗಳು ಸಾಲಾಗಿವೆ, ಅವುಗಳ ಮೇಲೆ ಸದಾ ಇರುವೆಗಳ ಜಾತ್ರೆ.

ತೊಗಟೆಗಣ್ಣು:

ಕೆಂಪೆಲೆ ಮೇಡಂ, ಅಮೆರಿಕದಲ್ಲಿ ಮೊದಲು ಕೇಳಬೇಕಾದದ್ದು ಮರ ಕೆಂಪು ಓಕ್ ಗುಂಪಿನದೋ ಬಿಳಿ ಓಕ್ ಗುಂಪಿನದೋ ಎಂದು. ಎಲೆಯ ಹಾಲೆಗಳ ತುದಿಯಲ್ಲಿ ಮುಳ್ಳಿನಂಥ ಬಿರುಗೂದಲು ಇದ್ದರೆ ಕೆಂಪು ಗುಂಪು, ತುದಿ ದುಂಡಗಿದ್ದರೆ ಸಾಮಾನ್ಯವಾಗಿ ಬಿಳಿ ಗುಂಪು. ಒಂದು ಗುಂಪಿನ ಕಣಜ ಇನ್ನೊಂದು ಗುಂಪಿಗೆ ಹೋಗುವುದು ಬಹಳ ವಿರಳ. ಇಷ್ಟು ತಿಳಿದರೆ ಪಟ್ಟಿಯಲ್ಲಿ ಅರ್ಧ ಹೆಸರು ಹೊಡೆದುಹಾಕಬಹುದು.

ಅಂಚು ಮಡಿಚಿದ ಎಲೆ ಕಣಜದ ಕೆಲಸ ಅಲ್ಲ, ಸೊಳ್ಳೆಯಂಥ ಪುಟ್ಟ ಗಂಟುನೊಣದ್ದು. ಬಿಚ್ಚಿ ನೋಡಿ. ಕಣಜದ ಮರಿ ಬೆಳ್ಳಗೆ, ಕಾಲಿಲ್ಲದೆ, ಬಾಗಿಕೊಂಡು, ಸುತ್ತ ಮುಚ್ಚಿದ ಕೋಣೆಯಲ್ಲಿ ಇರುತ್ತದೆ. ನೊಣದ ಮರಿ ಬರೀ ಮಡಿಕೆಯೊಳಗೆ ಇರುತ್ತದೆ, ಕೋಣೆ ಇರುವುದಿಲ್ಲ.

ತುರಿಕೆ ನೊಣದಿಂದಲೂ ಅಲ್ಲ. ಆ ನೊಣದ ಮರಿಗಳನ್ನು ತಿನ್ನುವ ಪೈಮೋಟೆಸ್ ಹೆರ್ಫ್ಸಿ ಎಂಬ ನುಸಿ ಇದೆ, ಬರಿಗಣ್ಣಿಗೆ ಕಾಣುವುದಿಲ್ಲ ಎನ್ನುವಷ್ಟು ಸಣ್ಣದು. ಮರದಿಂದ ಉದುರಿ ಮೈಮೇಲೆ ಬಿದ್ದರೆ ಕಚ್ಚುತ್ತದೆ. 2004ರಲ್ಲಿ ಕಾನ್ಸಾಸ್‌ನಲ್ಲಿ ಬಹಳ ಜನರಿಗೆ ಬಂದ ತುರಿಕೆಗೆ ಇದೇ ಕಾರಣ ಎಂದು ಪತ್ತೆಯಾಯಿತು. ಮರದ ಕೆಳಗಿಂದ ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಗುಳ್ಳೆ ಹೆಚ್ಚಾದರೆ ವೈದ್ಯರಿಗೆ ತೋರಿಸಿ.

ಇರುವೆಗಳ ಜಾತ್ರೆಯ ಮರದ ಎಲೆತುದಿ ದುಂಡಗಿದೆಯೇ?

ಕೆಂಪೆಲೆ:

ಹೌದು ಸರ್, ದುಂಡಗಿದೆ. ಕಾಯಿಯ ಬಟ್ಟಲಿನ ಅಂಚಿನಲ್ಲಿ ದಪ್ಪ ಜೂಲು. ಬರ್ ಓಕ್ ಅಂತ ಪಕ್ಕದವರು ಹೇಳಿದರು. ಅಂಚು ಮಡಿಚಿದ ಮರದ್ದು ಮಾತ್ರ ಮೊನಚು ಎಲೆ, ಪಿನ್ ಓಕ್. ನುಸಿಯ ವಿಷಯ ತಿಳಿಸಿದ್ದಕ್ಕೆ ತುಂಬಾ ಉಪಕಾರ, ಮೂರು ವಾರದಿಂದ ಕಾರಣ ಗೊತ್ತಾಗದೆ ಒದ್ದಾಡುತ್ತಿದ್ದೆ.

ತೊಗಟೆಗಣ್ಣು:

ಬರ್ ಓಕ್, ರೆಂಬೆಯ ಮೇಲೆ ಮೊನೆಯುಳ್ಳ ಗುಂಡು, ಇರುವೆ ಮೂರೂ ಸೇರಿದರೆ ಡಿಸ್‌ಹೋಲ್ಕಾಸ್ಪಿಸ್ ಕ್ವೆರ್ಕಸ್‌ಮಾಮ್ಮಾ. ಗಂಟು ಬೆಳೆಯುವ ದಿನಗಳಲ್ಲಿ ಅದರ ಮೈಯಿಂದ ಸಿಹಿ ರಸ ಒಸರುತ್ತದೆ. ರಸಕ್ಕೆ ಬಂದ ಇರುವೆಗಳು ಅಲ್ಲೇ ಓಡಾಡುವುದರಿಂದ ಪರಾವಲಂಬಿ ಕಣಜಗಳಿಗೆ ಹತ್ತಿರ ಸುಳಿಯುವುದು ಕಷ್ಟ. ಹೊರಬಂದ ಮೇಲೆ ಹೆಣ್ಣು ಕಣಜ ಮೊಗ್ಗಿಗೆ ಮೊಟ್ಟೆ ಇಡುತ್ತದೆ.

ನೆರಳು:

ನಮ್ಮ ಪಿನ್ ಓಕ್‌ನಲ್ಲಿ ರೆಂಬೆಯ ಸುತ್ತ ಮುಷ್ಟಿಯಂಥ ಗಂಟು, ಮೈತುಂಬ ಕೊಂಬು. ಮರ ಒಣಗುತ್ತಿದೆ. ಏನು ಔಷಧಿ ಸಿಂಪಡಿಸಬೇಕು ಹೇಳಿ. ಇಲ್ಲಿ ಎಲ್ಲರೂ ಚಂದ ಚಂದ ಅಂತಿದ್ದೀರಿ, ನನಗೆ ಮರ ಉಳಿದರೆ ಸಾಕು.

ಭೂತಗನ್ನಡಿ:

ನೆರಳು ಅವರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಅದು ಕೊಂಬಿನ ಗಂಟು, ಕ್ಯಾಲಿರೈಟಿಸ್ ಕ್ವೆರ್ಕಸ್‌ಕಾರ್ನಿಜೆರಾ. ಓಕ್ ಗಂಟುಗಳಲ್ಲಿ ರೆಂಬೆಗೆ ನಿಜವಾಗಿ ಪೆಟ್ಟು ಕೊಡುವ ಕೆಲವೇ ಕೆಲವಲ್ಲಿ ಒಂದು. ರೆಂಬೆಯನ್ನು ಸುತ್ತುವರಿದು ಬೆಳೆದು ತುದಿಗೆ ಆಹಾರ ಹೋಗದಂತೆ ಮಾಡುತ್ತದೆ. ಒಳಗಿನ ಮರಿಗಳು ಎರಡು ವರ್ಷಕ್ಕೂ ಮೀರಿ ಅಲ್ಲೇ ಇರುತ್ತವೆ.

ಸಿಂಪಡಣೆ ಮಾತ್ರ ಬೇಡ. ಮರಿಯ ಸುತ್ತ ಕಟ್ಟಿಗೆಯ ಗೋಡೆ ಇದೆ, ಹೊರಗೆ ಹೊಡೆದ ಔಷಧಿ ಅಲ್ಲಿಗೆ ತಲುಪುವುದಿಲ್ಲ. ಸಾಯುವುದು ಹೊರಗೆ ಓಡಾಡುವ ಪರಾವಲಂಬಿ ಕಣಜಗಳು, ಅಂದರೆ ನಿಮ್ಮ ಪರವಾಗಿ ಕೆಲಸ ಮಾಡುತ್ತಿರುವವು. ಮರ ಚಿಕ್ಕದಾಗಿದ್ದು ಕೈಗೆಟುಕಿದರೆ, ಕೊಂಬಿನ ತುದಿಗಳಲ್ಲಿ ತೂತು ಬೀಳುವ ಮೊದಲೇ ಗಂಟಿರುವ ರೆಂಬೆ ಕತ್ತರಿಸಿ ದೂರ ಸಾಗಿಸಿ.

ತೊಗಟೆಗಣ್ಣು:

ಭೂತಗನ್ನಡಿಯವರ ಮಾತಿಗೆ ಒಂದು ತಿದ್ದುಪಡಿ. ದೊಡ್ಡ ಮರದಲ್ಲಿ ಗಂಟಿಗಾಗಿ ಕೊಂಬೆಗಟ್ಟಲೆ ಕಡಿಯುವುದನ್ನು ನಾನು ಒಪ್ಪುವುದಿಲ್ಲ. ಕಡಿದ ಗಾಯದ ನಷ್ಟವೇ ಹೆಚ್ಚಾದೀತು. ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗ ಇರುವ ಪ್ರದೇಶದಲ್ಲಿ ವಸಂತ, ಬೇಸಿಗೆಯಲ್ಲಿ ಕೆಂಪು ಓಕ್‌ಗೆ ಗಾಯ ಮಾಡುವುದು ಅಪಾಯ: ರಸ ಹೀರಲು ಬರುವ ದುಂಬಿಗಳು ರೋಗ ತರುತ್ತವೆ. ಕತ್ತರಿಸಲೇಬೇಕಿದ್ದರೆ ಚಳಿಗಾಲದಲ್ಲಿ ಕತ್ತರಿಸಿ. ಮರ ಇಡಿಯಾಗಿ ಸೊರಗುತ್ತಿದ್ದರೆ ಬೇರು, ನೀರು, ಮಣ್ಣಿನ ಗಟ್ಟಿತನ ನೋಡಿಸಿ. ಗಂಟು ಕಣ್ಣಿಗೆ ಬೀಳುತ್ತದೆ ಎಂದು ತಪ್ಪನ್ನೆಲ್ಲ ಅದರ ತಲೆಗೆ ಕಟ್ಟಬಾರದು.

ಭೂತಗನ್ನಡಿ:

ಒಪ್ಪಿದೆ. ಓಕ್ ವಿಲ್ಟ್ ನನ್ನ ಲೆಕ್ಕದಲ್ಲಿ ಇರಲಿಲ್ಲ. ನೆರಳು ಅವರೇ, ಚಳಿಗಾಲದ ತನಕ ತಡೆಯಿರಿ.

ಚಿಗುರೆಲೆ:

ಇವತ್ತು ಒಂದು ಹಸಿರು ಗೋಲಿಯನ್ನು ಕೊಯ್ದೆ. ಮನಸ್ಸು ಒಪ್ಪಲಿಲ್ಲ, ಆದರೂ ಒಂದನ್ನಾದರೂ ಒಳಗೆ ನೋಡದೆ ಇರಲಾಗಲಿಲ್ಲ.

ಚಾಕು ಮೊದಲು ಸಲೀಸಾಗಿ ಇಳಿಯಿತು, ಎಳೆ ಸೀಬೆಕಾಯಿ ಕೊಯ್ದ ಹಾಗೆ. ನಡುವೆ ಗಟ್ಟಿ ತಾಗಿತು. ಎರಡು ಹೋಳಾದಾಗ ಹೊರಗೆ ಹಳದಿ ಹಸಿರು ತಿರುಳು, ಮಧ್ಯದಲ್ಲಿ ಬಿಳಿಚಾದ ಗಟ್ಟಿ ಚಿಪ್ಪು, ಅದರೊಳಗೆ ಬಟಾಣಿಗಿಂತ ಚಿಕ್ಕ ದುಂಡು ಕೋಣೆ. ಕೋಣೆಯ ತುಂಬ ಒಂದೇ ಮರಿ. ಬೆಣ್ಣೆಯ ಬಣ್ಣ, ಮೈ ಮಡಿಸಿ ಮಲಗಿತ್ತು. ಕೊಯ್ದ ಕಡೆ ನಾನು ನೋಡುತ್ತಿದ್ದಂತೆಯೇ ಕಂದಾಗತೊಡಗಿತು, ಚಾಕುವಿನ ಅಲಗಿನ ಮೇಲೆ ನೀಲಿಗಪ್ಪು ಕಲೆ ನಿಂತಿತು. ಮಸಿಕುಡಿಕೆಯವರು ಹೇಳಿದ ಶಾಯಿ ಚಾಕುವಿನ ಕಬ್ಬಿಣದಲ್ಲೇ ಆಗಿಬಿಟ್ಟಿತ್ತು!

ಅಚ್ಚರಿಯೆಂದರೆ ಕೋಣೆ ಒರೆಸಿಟ್ಟಷ್ಟು ಶುಚಿಯಾಗಿತ್ತು. ಎಲೆ ತಿನ್ನುವ ಕಂಬಳಿಹುಳು ಇರುವಲ್ಲೆಲ್ಲ ಹಿಕ್ಕೆ ಇರುತ್ತದಲ್ಲ, ಇಲ್ಲಿ ಒಂದು ಕಣವೂ ಇಲ್ಲ.

ತೊಗಟೆಗಣ್ಣು:

ನೀವು ಕಂಡದ್ದು ಒಳ್ಳೆಯ ಗುರುತು. ಗಂಟು ಕಣಜದ ಮರಿಯ ಕರುಳು ಕೋಶಾವಸ್ಥೆಗೆ ಹೋಗುವ ಹೊತ್ತಿನ ತನಕ ಹಿಂಬದಿಯಲ್ಲಿ ಮುಚ್ಚಿರುತ್ತದೆ. ತಾನು ತಿನ್ನುವ ಗೋಡೆಯನ್ನು ಅದು ಹೊಲಸು ಮಾಡುವುದಿಲ್ಲ. ಗಂಟಿನೊಳಗೆ ಸುರಂಗ, ಹಿಕ್ಕೆ, ಬಲೆ ಕಂಡರೆ ಪತಂಗದ ಮರಿಯೋ ದುಂಬಿಯ ಮರಿಯೋ ಹೊಕ್ಕಿದೆ ಎಂದು ತಿಳಿಯಿರಿ.

ಮೊಗ್ಗು:

ಗಂಟಿನಂತೆ ಕಂಡು ಗಂಟೇ ಅಲ್ಲದವೂ ಇರುತ್ತವಾ ಸರ್? ನಾನು ರೆಂಬೆಯ ಮೇಲೆ ಹೊಳೆಯುವ ಕಂದು ಮಣಿಗಳನ್ನು ಕಂಡು ಕಣಜದ ಗಂಟು ಅಂತ ಬರೆದಿಟ್ಟುಕೊಂಡಿದ್ದೆ. ಉಗುರು ತಾಗಿದಾಗ ಮಣಿ ಕಿತ್ತುಬಂತು, ಕೆಳಗೆ ತೊಗಟೆ ಹಾಗೇ ಇತ್ತು.

ಭೂತಗನ್ನಡಿ:

ಅದು ಕೆರ್ಮೆಸ್ ಎಂಬ ಶಲ್ಕ ಕೀಟ. ಇಡೀ ಮಣಿಯೇ ಹುಳು, ಮರದ ಭಾಗ ಅಲ್ಲ. ಗಂಟಾದರೆ ಮರದ ಅಂಗಾಂಶದೊಂದಿಗೆ ಬೆಸೆದುಕೊಂಡಿರುತ್ತದೆ, ಕೊಯ್ದರೆ ಒಳಗೆ ತಿರುಳು, ಕೋಣೆ ಇರುತ್ತದೆ. ಎಲೆಯ ಮೇಲೆ ಬರೀ ಉಬ್ಬು, ಅದರ ಹಿಂದೆ ಅಷ್ಟೇ ತಗ್ಗು, ಕೋಣೆ ಇಲ್ಲ ಎಂದರೆ ಟ್ಯಾಫ್ರಿನಾ ಶಿಲೀಂಧ್ರ. ಎಲೆ ಮೇಲೆ ಹಿಟ್ಟು ಎರಚಿದಂತಿದ್ದರೆ ಬೂದಿ ರೋಗ.

ಕಣಜದ್ದೇ ಆದ ಇನ್ನೆರಡು ಹೇಳಿಬಿಡುತ್ತೇನೆ, ಜನ ಪದೇ ಪದೇ ಕೇಳುವುದು ಇವನ್ನೇ. ಮೇ, ಜೂನ್‌ನಲ್ಲಿ ರೆಂಬೆ ತುದಿಯಲ್ಲಿ ಗುಲಾಬಿ ಬಣ್ಣ ಲೇಪಿಸಿದ, ಹಿಸುಕಿದರೆ ಸ್ಪಂಜಿನಂತೆ ಒತ್ತುವ ದೊಡ್ಡ ಗುಂಡು ಓಕ್ ಆಪಲ್, ಬಯೊರೈಜಾ ಪಲ್ಲಿಡಾ. ಒಳಗೆ ಹತ್ತಾರು ಕೋಣೆ. ಇದರ ಇನ್ನೊಂದು ಪೀಳಿಗೆ ಮಣ್ಣಿನಡಿಯ ಬೇರಿನಲ್ಲಿ ಬೆಳೆಯುತ್ತದೆ. ಅದರ ಹೆಣ್ಣಿಗೆ ರೆಕ್ಕೆಯೇ ಇಲ್ಲ. ನಡುಚಳಿಗಾಲದಲ್ಲಿ ನೆಲದಿಂದ ಎದ್ದು ಇಡೀ ಕಾಂಡವನ್ನು ನಡೆದೇ ಹತ್ತಿ ಮೊಗ್ಗು ತಲುಪುತ್ತದೆ. ಎಲೆಯ ಹಿಂಬದಿಯ ನರಕ್ಕೆ ಅಂಟಿದ, ಕೆನ್ನೆ ಕೆಂಪಾದ ರಸಗುಂಡು ಚೆರ್ರಿ ಗಾಲ್, ಸಿನಿಪ್ಸ್ ಕ್ವೆರ್ಕಸ್‌ಫೋಲಿಯೈ.

ಕೆಂಪೆಲೆ:

ಹೊರಬಂದದ್ದೆಲ್ಲ ಒಡೆಯನಲ್ಲ ಎಂಬ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಅಮೆರಿಕದ ಲೈವ್ ಓಕ್ ರೆಂಬೆಯೊಳಗೆ ಬ್ಯಾಸೆಟಿಯಾ ಪಲ್ಲಿಡಾ ಎಂಬ ಕಣಜ ಗೂಡುಕಟ್ಟುತ್ತದೆ. ಅದರ ಮೇಲಿನ ಪರಾವಲಂಬಿಗೆ 2017ರಲ್ಲಿ ಯೂಡೆರಸ್ ಸೆಟ್ ಎಂದು ಹೆಸರಿಟ್ಟರು, ಈಜಿಪ್ಟಿನ ಸೆಟ್ ದೇವತೆಯ ಹೆಸರು. ಪರಾವಲಂಬಿ ಹೊಕ್ಕ ಒಡೆಯ ಕಣಜ ತನಗೆ ಸಾಲದಷ್ಟು ಚಿಕ್ಕ ತೂತು ಕೊರೆಯುತ್ತದೆ, ತಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಯೂಡೆರಸ್ ಅದನ್ನು ಒಳಗಿನಿಂದ ತಿಂದು, ಆ ತಲೆಯನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ರೆಂಬೆಯ ತೂತಿನಲ್ಲಿ ತಲೆಯೊಂದು ಬಿರಡೆಯಂತೆ ಕೂತಿದ್ದರೆ ಭೂತಗನ್ನಡಿ ಹಿಡಿಯಿರಿ.

ಚಿಗುರೆಲೆ:

ಹಾಗಾದರೆ ನಿಜವಾದ ಒಡೆಯಳನ್ನು ನೋಡಲು ಹೇಗೆ ಸಾಕಬೇಕು? ಮುಚ್ಚಿದ ಶೀಶೆಯಲ್ಲಿಟ್ಟ ಇನ್ನೊಂದು ಗೋಲಿಗೆ ಬೂಷ್ಟು ಬಂದುಬಿಟ್ಟಿದೆ.

ತೊಗಟೆಗಣ್ಣು:

ಗಾಳಿಯಾಡದ ಶೀಶೆಯಲ್ಲಿ ಬೂಷ್ಟು ಖಂಡಿತ. ಅಗಲ ಬಾಯಿಯ ಡಬ್ಬಿಗೆ ತೆಳು ಬಟ್ಟೆ ಬಿಗಿದು ಕಟ್ಟಿ. ಬಟ್ಟೆಯ ಎಳೆ ಒತ್ತಾಗಿರಲಿ, ಪರಾವಲಂಬಿಗಳು 1 ಮಿ.ಮೀ. ಸಂದಿಯಲ್ಲೂ ನುಸುಳುತ್ತವೆ. ಡಬ್ಬಿಯನ್ನು ಮನೆಯೊಳಗೆ ಇಡದೆ ಹೊರಗೆ, ಮಳೆ ಬಿಸಿಲು ತಾಗದ ಕಡೆ ಇಡಿ. ವಾರಕ್ಕೊಮ್ಮೆ ನಾಲ್ಕು ಹನಿ ನೀರು ಚಿಮುಕಿಸಿ. ಒಂದು ಡಬ್ಬಿಗೆ ಒಂದೇ ಬಗೆಯ ಗಂಟು. ಮರ, ಅಂಗ, ತಾರೀಖು ಬರೆದ ಚೀಟಿ ಒಳಗೇ ಇರಲಿ. ಚೀಟಿ ಇಲ್ಲದ ಗಂಟಿಗೆ ಬೆಲೆ ಇಲ್ಲ. ಕೊಲ್ಲಾರಿಯ ಹೆಣ್ಣು ಶರತ್ಕಾಲದಲ್ಲೇ ಹೊರಬರುತ್ತದೆ, ಹಾಗಾಗಿ ನೀವು ಬಹಳ ದಿನ ಕಾಯಬೇಕಿಲ್ಲ. ತೂತಿಲ್ಲದ, ಹಸಿರು ತಿರುಗಿ ಕಂದಾಗುತ್ತಿರುವ ಗೋಲಿ ಆರಿಸಿ. ನಾಲ್ಕೈದು ಸಾಕು, ಉಳಿದವು ಮರದಲ್ಲೇ ಇರಲಿ.

ಚಿಗುರೆಲೆ (ಐದು ವಾರಗಳ ನಂತರ):

ಬಂದಳು!

ಐದು ಗೋಲಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಮೂರನೆಯದರ ಮೇಲೆ ಕಪ್ಪು ಚುಕ್ಕೆ ಕಂಡಿತು. ಕಿವಿಗೊಟ್ಟರೆ ಒಳಗಿನಿಂದ ಕರಕರ ಸದ್ದು. ಚುಕ್ಕೆ ಅಗಲವಾಗಿ ತೂತಾಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಮೊದಲು ಮೀಸೆ ಹೊರಚಾಚಿದವು, ಒಳಗೆ ಹೋದವು, ಮತ್ತೆ ಬಂದವು. ಆಮೇಲೆ ತಲೆ, ಮುಂಗಾಲು. ಸುಮಾರು 5 ಮಿ.ಮೀ. ಉದ್ದ, ಜೇನುಗಂದು ಬಣ್ಣ, ಗೂನುಬೆನ್ನು, ಪಕ್ಕದಿಂದ ಒತ್ತಿದಂಥ ದುಂಡು ಹೊಟ್ಟೆ. ಒಂದಿಷ್ಟೂ ಥಳುಕಿಲ್ಲ. ಆವತ್ತಿನ ಹಸಿರು ಹುಳುವಿನ ಪಕ್ಕ ಇಟ್ಟು ನೋಡಿದ್ದರೆ ಎರಡೂ ಒಂದೇ ಗೋಲಿಯೊಳಗಿನವು ಅಂತ ಯಾರೂ ನಂಬುತ್ತಿರಲಿಲ್ಲ. ರೆಕ್ಕೆ ಒರೆಸಿಕೊಳ್ಳುತ್ತಾ ತನ್ನ ತೂತಿನ ಪಕ್ಕದಲ್ಲೇ ಬಹಳ ಹೊತ್ತು ನಿಂತಿದ್ದಳು.

ತೂತು ಒಂದೇ, ದುಂಡಗೆ, ಪೆನ್ಸಿಲ್ ಮೊನೆ ಹಿಡಿಯುವಷ್ಟು.

ಎಲೆಗಳನ್ನೂ ಮತ್ತೆ ಎಣಿಸಿದೆ. ಆ 64ರಲ್ಲಿ 41 ಸ್ಪ್ಯಾಂಗಲ್, 23 ಸಿಲ್ಕ್ ಬಟನ್. ಈಗ ಎಲ್ಲವೂ ಉದುರಿ, ಎಲೆಯ ಮೇಲೆ ಬರೀ ಚುಕ್ಕೆ ಉಳಿದಿವೆ.

ಇವಳನ್ನು ಎಲ್ಲಿ ಬಿಡಲಿ?

ತೊಗಟೆಗಣ್ಣು:

ಆ ಮೀಸೆಮೊಗ್ಗಿನ ಮರದ ರೆಂಬೆಯ ಮೇಲೆ. ಮಾರ್ಚ್ ಕೊನೆಯಲ್ಲಿ ಭೂತಗನ್ನಡಿ ಹಿಡಿದು ಅದೇ ಮರಕ್ಕೆ ಹೋಗಿ, ಮೊಗ್ಗುಗಳ ಸಂದಿಯಲ್ಲಿ ಹುಡುಕಿ. ಇರುವೆಯ ಕೋಶಗಳಂತೆ ಕಾಣುವ, ಎರಡು ಮೂರು ಮಿ.ಮೀ. ಉದ್ದದ, ಕಂದು ಹಳದಿ ಗಂಟುಗಳು ಎರಡೋ ಮೂರೋ ಜೊತೆಗೂಡಿ ಇರುತ್ತವೆ. ಸಿಕ್ಕರೆ ಇಲ್ಲಿ ಬರೆಯಿರಿ.

ಚಿಗುರೆಲೆ:

ಸಂಜೆ ಬಿಟ್ಟು ಬಂದೆ ಸರ್. ಬೆರಳಿನಿಂದ ಇಳಿದು ರೆಂಬೆಯ ತುದಿಯ ಕಡೆ ನಡೆದಳು. ಒಂದು ಮೊಗ್ಗಿನ ಹತ್ತಿರ ನಿಂತು ಮೀಸೆಯಿಂದ ತಡವಿ ನೋಡಿ ಮುಂದಿನದಕ್ಕೆ ಹೋದಳು. ಆ ರೆಂಬೆಗೆ ಗುರುತಿಗೆ ಬಿಳಿ ದಾರ ಕಟ್ಟಿದ್ದೇನೆ.